ಬೀಗರಿಗೆ ಕೊಡುವ ನೀರು

ನೀರಿನ ಪರೀಕ್ಷೆ ಕಲಿಯಲು ಪಂಚಾಯತಿಯವರು ನಮ್ಮ ಊರಿನಿಂದ ಐದು ಜನ ಹೆಣ್ಣುಮಕ್ಕಳನ್ನು ಆರಿಸಿದಾಗ ನನ್ನ ಹೆಂಡತಿಯೂ ಅವರಲ್ಲಿ ಒಬ್ಬಳಾಗಿದ್ದಳು. ಅವರಿಗೊಂದು ಪೆಟ್ಟಿಗೆ ಕೊಟ್ಟಿದ್ದರು. ಅದರಲ್ಲಿ ಗಾಜಿನ ಸಣ್ಣ ನಳಿಗೆಗಳು, ಪುಡಿ, ಒಂದು ಬಣ್ಣದ ಪಟ್ಟಿ. ನೀರಿಗೆ ಪುಡಿ ಹಾಕಿ ಅಲುಗಾಡಿಸಿದರೆ, ಬೆಳೆಗೆ ಗೊಬ್ಬರವಾಗಿ ಎಳೆಗೂಸಿಗೆ ವಿಷವಾಗುವ ನೈಟ್ರೇಟ್ ಇದ್ದಷ್ಟು ಗುಲಾಬಿ ಬಣ್ಣ ಏರುತ್ತದೆ. ಶಾಲೆಯ ಬೋರಿನ ನೀರು ಪಟ್ಟಿಯ ಕೊನೆಯ ಬಣ್ಣಕ್ಕೆ ಹೋಗಿ ನಿಂತ ದಿನ ಅವಳು ಒಲೆ ಹಚ್ಚುವುದನ್ನೂ ಮರೆತು ಮತ್ತೆ ಮತ್ತೆ ಮಾಡಿ ನೋಡಿದಳು.

ಶಾಲೆಯ ಮೇಲ್ಗಡೆ ಗೋವಿನಜೋಳ ನೆನೆಸಿ ಹಿಟ್ಟು ತೆಗೆಯುವ ಕಾರ್ಖಾನೆ ಇದೆ. ನೆನೆಸಿದ ಹುಳಿ ನೀರನ್ನು ಅವರು ಮಣ್ಣಿನ ಹೊಂಡಕ್ಕೆ ಬಿಡುತ್ತಿದ್ದರು. ಅಲ್ಲಿಂದ ಪೈಪಿನಲ್ಲಿ, ಕೇಳಿದವರ ಹೊಲಕ್ಕೆ ಪುಕ್ಕಟೆ ಕೊಡುತ್ತಿದ್ದರು. ಆ ನೀರು ಕುಡಿದ ಬೆಳೆ ಕಡು ಹಸಿರಾಗಿ ಏಳುತ್ತಿತ್ತು. ಕೇಳಿ ಪಡೆದವರಲ್ಲಿ ನಾನೂ ಒಬ್ಬ.

ಗ್ರಾಮಸಭೆಯಲ್ಲಿ ಅವಳು ಎದ್ದು ನಿಂತು, ಕಾರ್ಖಾನೆಯ ನೀರು ನೆಲಕ್ಕಿಳಿದು ಬೋರು ಸೇರುತ್ತಿದೆ, ಎಳೆಗೂಸಿಗೆ ಹಾಲಿನ ಪುಡಿ ಕಲಸಲು ಆ ನೀರು ಬಳಸಬೇಡಿ ಎಂದಳು.

"ಅಕ್ಕಾರ, ಪೆಟಿಗಿ ಹಿಡಕೊಂಡ ಕೂಡ್ಲೆ ಡಾಕ್ಟರ್ ಆಗೂದಿಲ್ಲರಿ" ಎಂದರು ಒಬ್ಬರು.

"ನಿಮ್ಮ ಮನ್ಯಾರ ಹೊಲಕ್ಕೂ ಅದ ನೀರ ಹೊಂಟೈತಿ. ಮದಲ ಅವರನ ಕೇಳ್ರಿ" ಎಂದರು ಇನ್ನೊಬ್ಬರು.

ಸಭೆ ನಕ್ಕಿತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಟವೆಲಿನಿಂದ ಮುಖ ಒರೆಸಿಕೊಂಡು ಸುಮ್ಮನೆ ಕೂತೆ.

ಮೂರು ತಿಂಗಳಿಗೆ ಹೃದಯ ನಿಂತು ಅವಳು ಹೋದಳು. ಅದಕ್ಕೂ ನೀರಿಗೂ ಸಂಬಂಧವಿಲ್ಲವೆಂದು ಡಾಕ್ಟರು ಹೇಳಿದರು, ನಾನೂ ಹಾಗೇ ಬರೆಯುತ್ತೇನೆ. ಆದರೆ ಊರಿನ ಬಾಯಲ್ಲಿ ಅವಳು ಸುಳ್ಳು ಹೇಳಿದವಳಾಗಿ ಉಳಿದಳು. ಅದನ್ನು ನಾನು ಸರಿಮಾಡಬೇಕಿತ್ತು.

ನೆಂಟರೆಲ್ಲ ಹೊರಟುಹೋದ ಮೇಲೆ ಆ ಪೆಟ್ಟಿಗೆ ಎತ್ತಿಕೊಂಡು ಉಳಿದ ನಾಲ್ವರು ಹೆಣ್ಣುಮಕ್ಕಳ ಹತ್ತಿರ ಹೋದೆ. ಅವರಲ್ಲಿ ಹಿರಿಯಳು ಅಂಗನವಾಡಿಯಲ್ಲಿ ಅಡುಗೆ ಮಾಡುವವಳು.

"ಕಾಕಾ, ಇದು ಹೆಣಮಕ್ಕಳ ಕೆಲಸ. ಸೀರಿ ಉಟಗೊಂಡ ಬರ್ತೀರೇನು?" ಎಂದಳು.

"ಉಡಬೇಕಂದ್ರ ಉಡ್ತೇನಿ. ಆಕಿದು ಮನ್ಯಾಗ ರಗಡ ಅದಾವು."

ಅವರು ನಕ್ಕರು, ಆಮೇಲೆ ಕಣ್ಣು ಒರೆಸಿಕೊಂಡರು.

ಪೆಟ್ಟಿಗೆಯ ಬಣ್ಣ ಬರೀ ಅನುಮಾನ ಹೇಳುತ್ತದೆ, ಸಾಕ್ಷಿಗೆ ಕಾರವಾರದ ಲ್ಯಾಬಿನ ಅಂಕಿ ಬೇಕು ಎಂದರು ಹಳಿಯಾಳದ ನೀರು ಸರಬರಾಜು ಎಂಜಿನಿಯರು. ಶಾಲೆಗೆ ರಜೆ ಇದ್ದುದರಿಂದ ಬೋರು ಇದ್ದ ಹನ್ನೆರಡು ಮನೆಗಳಿಗೆ ಬಾಟಲಿ ಹಂಚಿದೆವು. ಸಂಜೆ ತುಂಬಿದ ಬಾಟಲಿಗಳನ್ನು ಕೂಡಿಸಿ ಕಳಿಸಿದೆವು. ಫಲಿತಾಂಶ ಬಂತು. ಎಲ್ಲೂ ದೋಷವಿಲ್ಲ.

ಕಾರ್ಖಾನೆಯ ಮ್ಯಾನೇಜರು ದಾರಿಯಲ್ಲಿ ಸಿಕ್ಕು ಕೈ ಮುಗಿದರು. "ಹೋದವರ ಬಗ್ಗೆ ನಾ ಏನೂ ಅನ್ನೂದಿಲ್ಲರಿ ಯಜಮಾನ್ರ" ಎಂದರು. ಸಭೆಯ ನಗುವಿಗಿಂತ ಅದು ಹೆಚ್ಚು ಚುಚ್ಚಿತು.

ಎರಡು ದಿನ ಬಿಟ್ಟು, ಬಾಟಲಿ ತುಂಬಿಕೊಟ್ಟಿದ್ದ ಅಜ್ಜಿಯೊಬ್ಬಳ ಮನೆಗೆ ಹೋಗಿದ್ದೆ. ಕೂರಿಸಿ ತಂಬಿಗೆ ನೀರು ಕೊಟ್ಟಳು. ನೀರು ಸಪ್ಪೆಯಾಗಿತ್ತು. ಅವಳ ಬೋರಿನ ನೀರು ಗಡಸು, ಬೇಳೆ ಬೇಯುವುದಿಲ್ಲ ಎನ್ನುವುದು ಊರಿಗೇ ಗೊತ್ತು.

"ಆಯಿ, ಇದು ಎಲ್ಲಿಯ ನೀರು?"

"ಫಿಲ್ಟರಿಂದು. ಬಂದವರಿಗೆ ಬೋರಿನ ನೀರ ಯಾರ ಕೊಡ್ತಾರೋ ತಮ್ಮಾ?"

"ಬಾಟ್ಲಿಗಿ ಯಾವುದ ತುಂಬಿದ್ದಿ?"

"ಅದು ದೊಡ್ಡ ಸಾಹೇಬ್ರ ಕಡೆ ಹೊಂಟಿತ್ತಲಾ. ಬೀಗರಿಗೆ ಕೊಡೂ ನೀರನ ತುಂಬೇನಿ. ನಮ್ಮ ಊರ ಮರ್ಯಾದಿ ಇಲ್ಲೇನು?"

ಹನ್ನೆರಡೂ ಮನೆ ತಿರುಗಿದೆ. ಒಂಬತ್ತು ಕಡೆ ಇದೇ ಕತೆ. ಬೋರಿನ ನೀರನ್ನೇ ತುಂಬಿದ್ದ ಉಳಿದ ಮೂರೂ ಕಾರ್ಖಾನೆಗಿಂತ ಎತ್ತರದ ಮನೆಗಳು. ಶುದ್ಧ ನೀರಿನ ಘಟಕದಿಂದ ತಂದ ನೀರನ್ನು ಒಬ್ಬಾಕೆಯಂತೂ ಹೊಸ ಬಟ್ಟೆಯಲ್ಲಿ ಸೋಸಿ ತುಂಬಿದ್ದಳು. ಹೆಂಡತಿ ಸತ್ತ ಮೇಲೆ ಅವತ್ತು ಮೊದಲ ಸಲ ನಾನು ಒಬ್ಬನೇ ಕೂತು ಗಟ್ಟಿಯಾಗಿ ನಕ್ಕೆ.

ಎರಡನೆಯ ಸಲ ಯಾರ ಕೈಗೂ ಬಾಟಲಿ ಕೊಡಲಿಲ್ಲ. ನಾವೇ ಪಂಪು ಹಚ್ಚಿ, ಸ್ವಲ್ಪ ಹೊತ್ತು ನೀರು ಹೋಗಲು ಬಿಟ್ಟು, ಅದೇ ನೀರಿನಲ್ಲಿ ಬಾಟಲಿ ತೊಳೆದು ತುಂಬಿದೆವು. ತಿಪ್ಪೆಯಿಂದ ಇಳಿದ ನೈಟ್ರೇಟ್ ಎಂದು ಕಾರ್ಖಾನೆಯವರು ಹೇಳಬಹುದೆಂದು, ಕಾರ್ಖಾನೆಗಿಂತ ಎತ್ತರದಲ್ಲಿರುವ, ಬಾಗಿಲಲ್ಲೇ ತಿಪ್ಪೆ ಇರುವ ಮನೆಗಳ ನೀರನ್ನೂ ತೆಗೆದೆವು. ಕೆಳಗೆ ಶಾಲೆಯದು, ಸುತ್ತ ತಿಪ್ಪೆಯೇ ಇಲ್ಲದ ಬಸವಣ್ಣನ ಗುಡಿಯದು. ಕೊನೆಗೆ ನನ್ನ ಹೊಲದ್ದು.

ಬಾಟಲಿಗಳನ್ನು ಥರ್ಮಕೋಲ್ ಡಬ್ಬಿಯಲ್ಲಿ ಬರ್ಫದ ನಡುವೆ ಇಟ್ಟುಕೊಂಡು ದಾಂಡೇಲಿ ಮೇಲೆ ಕಾರವಾರದ ಬಸ್ಸು ಹಿಡಿದೆ. ಜೋಯಿಡಾ ಮುಟ್ಟುವಷ್ಟರಲ್ಲಿ ಬರ್ಫ ಕರಗಿತ್ತು. ಅಲ್ಲಿಯ ಸ್ಟ್ಯಾಂಡಿನಲ್ಲಿ ಮೀನು ಮಾರುವ ಹೆಂಗಸೊಬ್ಬಳು ಕೊಂಕಣಿಯಲ್ಲಿ ನನ್ನನ್ನು ಬೈಯುತ್ತಲೇ ತನ್ನ ಬುಟ್ಟಿಯ ಬರ್ಫ ಬೊಗಸೆ ತುಂಬ ಸುರಿದಳು. ಲ್ಯಾಬಿನ ಹುಡುಗಿ ಡಬ್ಬಿ ತೆಗೆದು ಮೂಗು ಮುಚ್ಚಿಕೊಂಡಳು. "ಮುಚ್ಚಳ ಬಿಗಿ ಅದಾವು ಬಿಡ್ರಿ" ಎಂದು ಚೀಟಿ ಅಂಟಿಸಿಕೊಂಡಳು.

ಮುಂದಿನ ಗ್ರಾಮಸಭೆಯಲ್ಲಿ ನಾನು ಎದ್ದು ಲ್ಯಾಬಿನ ವರದಿ ಓದಿದೆ. ಮೇಲಿನ ಮನೆಗಳ ನೀರು ಮಿತಿಯೊಳಗಿದೆ. ಶಾಲೆ, ಗುಡಿ, ಎರಡೂ ಮಿತಿ ದಾಟಿವೆ. ಮ್ಯಾನೇಜರು ಎದ್ದು ತಿಪ್ಪೆಯ ಮಾತು ತೆಗೆದರು.

"ಮ್ಯಾಲಿನವರ ಮನ್ಯಾಗೂ ತಿಪ್ಪಿ ಐತ್ರಿ ಸಾಹೇಬ್ರ" ಎಂದಳು ಅಂಗನವಾಡಿಯವಳು. "ಅವರ ದನಾ ಏನ ಅತ್ತರ ಹಾಕ್ತಾವೇನು?"

ಈ ಸಲ ಸಭೆ ನಕ್ಕಿದ್ದು ಬೇರೆ ಕಡೆಗೆ.

"ಎಲ್ಲಾಕಿಂತ ಹೆಚ್ಚು ನನ್ನ ಬೋರಿನಾಗ ಬಂದೈತಿ" ಎಂದೆ. "ಆಕಿ ಹೇಳಿದ್ದು ಖರೇ ಇತ್ತು. ಅವತ್ತ ನಾ ಸುಮ್ನ ಕುಂತಿದ್ದೆ. ಪೈಪ ನಿನ್ನೆ ಕಿತ್ತ ಹಾಕೇನಿ."

ಆಮೇಲೆ ಒಬ್ಬೊಬ್ಬರಾಗಿ ಕೈ ಎತ್ತಿದರು. ಹೊಂಡಕ್ಕೆ ಕಾಂಕ್ರೀಟು ಹಾಕಿ ನೀರು ಶುದ್ಧಮಾಡುವವರೆಗೆ ಹೊಲಕ್ಕೆ ಬಿಡಬಾರದು, ಶಾಲೆಗೆ ಮೇಲಿನ ಬೋರಿನಿಂದ ನೀರು ತರಬೇಕು ಎಂದು ತೀರ್ಮಾನವಾಯಿತು. ಪಂಚಾಯತಿ ಕಾರ್ಯದರ್ಶಿ ಠರಾವು ಬರೆಯುತ್ತ ತಲೆ ಎತ್ತಿದರು. "ಮದಲ ಪತ್ತೆ ಹಚ್ಚಿದವರ ಹೆಸರು ಹೇಳ್ರಿ, ಬರ್ಕೊಳ್ತೇನಿ."

ಮದುವೆಯಾದಾಗಿನಿಂದ ನಾಲ್ಕು ಜನರ ಮುಂದೆ ನಾನು ಅವಳನ್ನು ಹೆಸರು ಹಿಡಿದು ಕರೆದವನಲ್ಲ. ನಮ್ಮಲ್ಲಿ ಆ ರೂಢಿಯಿಲ್ಲ. ಎದ್ದು ನಿಂತು, ತಂದೆಯ ಹೆಸರು, ಮನೆತನ ಸೇರಿಸಿ, ಅವಳ ಪೂರ್ತಿ ಹೆಸರು ಹೇಳಿದೆ. ಬರೆದದ್ದನ್ನು ಓದಿಸಿ ಕೇಳಿ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.