ಕೊನೆಯ ರಾಜನಿಗೆ ಮಾತಿಲ್ಲ

ಹಳೇ ಬೈಕು ಕೊಳ್ಳಲು ಬಂದವರಿಗೆಲ್ಲ ನಾನು ಹೇಳುವುದು ಇಷ್ಟೇ: ಮಾರುವವನು ಒರೆಸಿ ಹೊಳಪು ಬರಿಸಿದ ಟ್ಯಾಂಕನ್ನು ನೋಡಬೇಡಿ, ಅವನು ಮಾತಾಡುತ್ತಾ ಕಾಲು ಅಡ್ಡ ಇಟ್ಟು ನಿಂತಿರುತ್ತಾನಲ್ಲ, ಆ ಜಾಗ ನೋಡಿ. ವಿಡಿಯೋ ಗೇಮಿಗೂ ಈ ಮಾತು ಹೊಂದುತ್ತದೆ ಎಂದು ತಿಳಿದದ್ದು ನನಗೆ ಐವತ್ತು ದಾಟಿದ ಮೇಲೆ. ಆಟದ ಮೊದಲ ಭಾಗವನ್ನು ಎಲ್ಲರೂ ಚೆನ್ನಾಗಿಯೇ ಮಾಡಿರುತ್ತಾರೆ, ಕೊಳ್ಳುವವನು ನೋಡುವುದು ಅದನ್ನೇ ತಾನೆ. ಮಾಡಿದವನ ಯೋಗ್ಯತೆ ಗೊತ್ತಾಗುವುದು ಕೊನೆಯಲ್ಲಿ.

ಸಾಗರದಲ್ಲಿ ನನ್ನದು ಸೆಕೆಂಡ್ ಹ್ಯಾಂಡ್ ವ್ಯಾಪಾರ. ಲಾರಿ ಕ್ಲೀನರ್ ಆಗಿ ಶುರು ಮಾಡಿದವನು ನಾನು, ಯಾರೂ ಕೈಹಿಡಿದು ಮೇಲೆತ್ತಿದ್ದಲ್ಲ. ಬೈಕು, ಪಂಪ್‌ಸೆಟ್, ಮುಚ್ಚಿದ ಅಂಗಡಿಗಳ ಫ್ಯಾನು, ಕಂಪ್ಯೂಟರು, ಏನು ಬಂದರೂ ಕೊಳ್ಳುತ್ತೇನೆ. ಹಾಗೆ ಬಂದ ಒಂದು ಕಂಪ್ಯೂಟರಿನೊಳಗೆ ಈ ಆಟ ಇತ್ತು, ಜೊತೆಗೆ ಎರಡು ಕೈಯಲ್ಲಿ ಹಿಡಿಯುವ ರಿಮೋಟೂ ಇತ್ತು. ದೊಡ್ಡ ಕಂಪನಿಯ ಸರಕಲ್ಲ ಅದು. ಯಾವುದೋ ದೇಶದಲ್ಲಿ ಒಬ್ಬನೇ ಮನುಷ್ಯ ಕೋಣೆಯೊಳಗೆ ಕೂತು ವರ್ಷಗಟ್ಟಲೆ ಕಟ್ಟಿದ್ದು. ಬೇರೆ ಯಾವ ಗಿರಾಕಿಗೂ ಅದನ್ನು ತೋರಿಸದೆ ಸೀದಾ ನಿಟ್ಟೂರಿನ ಕಡೆಗೆ ಒಯ್ದೆ. ಕಾರಣ ಅಲ್ಲಿದ್ದ ನನ್ನ ಗೆಳೆಯ.

ಅವನೂ ನಾನೂ ಒಂದು ಕಾಲಕ್ಕೆ ಗೇಣಿ ಮಾಡುತ್ತಿದ್ದ ಮನೆಗಳ ಮಕ್ಕಳು. ನಾನು ಮಾತನ್ನು ವ್ಯಾಪಾರಕ್ಕೆ ಹಾಕಿದೆ, ಅವನು ತಾಳಮದ್ದಲೆಗೆ ಹಾಕಿದ. ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಪದ್ಯ ಹಾಡಿದ ಮೇಲೆ ಎದುರುಬದುರು ಕೂತವರು ತಮ್ಮ ತಮ್ಮ ಪಾತ್ರದ ಪರವಾಗಿ ಅಲ್ಲೇ ಮಾತು ಹುಟ್ಟಿಸಿಕೊಂಡು ವಾದ ಮಾಡಬೇಕು. ಆ ಮಾತಿಗೆ ಅರ್ಥ ಎನ್ನುತ್ತಾರೆ, ಆಡುವವನಿಗೆ ಅರ್ಥಧಾರಿ. ಗೆಳೆಯ ಆರಿಸಿಕೊಳ್ಳುತ್ತಿದ್ದದ್ದು ಯಾವಾಗಲೂ ಸೋಲುವವನ ಪಾತ್ರ. ಸಾಯುವವನು ಯಾರೆಂದು ಸಭೆಗೆಲ್ಲ ಗೊತ್ತಿರುತ್ತದೆ. ಆದರೂ ಇವನು ಮಾತಿಗೆ ಇಳಿದನೆಂದರೆ, ಇವತ್ತು ಒಂದು ದಿನ ಇವನು ಉಳಿಯಲಿ ಎಂದು ಜನಕ್ಕೆ ಅನ್ನಿಸಬೇಕು. ಒಮ್ಮೆ ತೀರ್ಥಹಳ್ಳಿಯಲ್ಲಿ ಗೆಲ್ಲುವ ಪಾತ್ರದ ಹಿರಿಯರೊಬ್ಬರು ಇವನ ಪ್ರಶ್ನೆಗೆ ಉತ್ತರ ಸಿಗದೆ ನೀರು ಕೇಳಿ ಕುಡಿದದ್ದನ್ನು ನಾನೇ ನೋಡಿದ್ದೇನೆ. ಆಮೇಲೆ ಚಹಾದ ಅಂಗಡಿಯಲ್ಲಿ ಅವನನ್ನು ಕೆಣಕಿದ್ದೆ, ಇಷ್ಟು ವಾದ ಮಾಡಿಯೂ ಕಡೆಗೆ ಸತ್ತೆಯಲ್ಲ ಎಂದು. ಸಾಯುವುದು ಕಥೆ ಬರೆದವನ ತೀರ್ಮಾನ, ಬಾಯಿ ಮುಚ್ಚಿಕೊಂಡು ಸಾಯಬೇಕೆಂದು ಅವನೂ ಬರೆದಿಲ್ಲ ಎಂದಿದ್ದ.

ಅಂಥವನಿಗೆ ಹೋದ ವರ್ಷ ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಮಾತು ನಿಂತಿತು. ನಾವು ಹೇಳಿದ್ದೆಲ್ಲ ತಿಳಿಯುತ್ತದೆ, ಮುಖ ನೋಡಿದರೆ ಗೊತ್ತಾಗುತ್ತದೆ; ಬಾಯಿಗೆ ಮಾತ್ರ ಏನೂ ಬರುವುದಿಲ್ಲ. ಉಳಿದದ್ದು ಒಂದೇ ಶಬ್ದ, 'ಅದೇ.' ಹಸಿವಾದರೂ ಅದೇ, ಸಿಟ್ಟು ಬಂದರೂ ಅದೇ. ಅವನ ಹೆಂಡತಿ, ನನಗೆ ಅತ್ತಿಗೆ, ಸಿಗಂದೂರಿನ ದೇವಿಗೆ ಹರಕೆ ಹೊತ್ತರು. ಡಾಕ್ಟರು ಬೆರಳಿಗೆ ಕೆಲಸ ಕೊಡಿ ಎಂದು ಒಂದು ಮೆತ್ತನೆಯ ಚೆಂಡು ಕೊಟ್ಟಿದ್ದರು. ಅವನು ಅದನ್ನು ಮೂಲೆಗೆ ಎಸೆದಿದ್ದ. ಒಂದು ಬುದ್ಧಿಮಾತು ಹೇಳುತ್ತೇನೆ: ಕಾಯಿಲೆಯವರಿಗೆ ಮಾಡಿಸುವ ಕೆಲಸದಲ್ಲಿ ಸೋಲು ಗೆಲುವು ಇರಲೇಬೇಕು. ಚೆಂಡು ಹಿಚುಕಿದರೆ ಯಾರೂ ಸೋಲುವುದಿಲ್ಲ. ಅದಕ್ಕೇ ಈ ಕಂಪ್ಯೂಟರು.

ಭಾನುವಾರಗಳಂದು ಸಾಗರದಿಂದ ಹೊರಟು ಅವನ ಜಗುಲಿಯಲ್ಲಿ ಕೂತು ಆಡಿದೆವು. ಆಟದಲ್ಲಿ ಒಬ್ಬಳು ಹೆಂಗಸು, ಕೈಯಲ್ಲಿ ಕತ್ತಿ, ಗುರಾಣಿ. ಅವಳ ಊರಿನ ಸಮುದ್ರ ಬತ್ತಿ ಉಪ್ಪಿನ ಬಯಲಾಗಿದೆ. ಬತ್ತಿಸಿದವನು ಒಬ್ಬ ರಾಜ, ಬಯಲಿನ ಆ ತುದಿಯಲ್ಲಿದ್ದಾನೆ. ಅವನನ್ನು ಹುಡುಕಿಕೊಂಡು ಹೋಗಬೇಕು, ದಾರಿಯಲ್ಲಿ ಸಿಕ್ಕಿದ್ದನ್ನು ಕೊಲ್ಲಬೇಕು, ಕೊಂದಷ್ಟೂ ಬಲ ಹೆಚ್ಚುತ್ತದೆ. ಗುರಾಣಿ ಎತ್ತುವ ಗುಂಡಿ ಎಡಗೈಗೆ, ಕತ್ತಿ ಬೀಸುವ ಗುಂಡಿ ಬಲಗೈಗೆ. ಅವನ ಎಡಗೈ ಸರಿ ಇತ್ತು. ಬಲಗೈ ಬೆರಳು ಗುಂಡಿ ಒತ್ತುವಷ್ಟರಲ್ಲಿ ಅವಳು ಸತ್ತು ಬೀಳುತ್ತಿದ್ದಳು. ದಿನ ಕಳೆದಂತೆ ಬೆರಳು ಚುರುಕಾಯಿತು, ಅಷ್ಟು ಲಾಭ ಆದದ್ದು ನಿಜ.

ಆಡುತ್ತಾ ನಾನು ಆಟಕ್ಕೆ ಬೆಲೆ ಕಟ್ಟುತ್ತಿದ್ದೆ, ಅದು ನನ್ನ ಚಾಳಿ. ಕತ್ತಿಗೆ ತೂಕ ಇದೆ, ಬೀಸಿದರೆ ತೋಳು ಜಗ್ಗಿದ್ದು ಕಾಣುತ್ತದೆ, ಅದು ಒಳ್ಳೆಯದು. ದಮ್ಮು ಮುಗಿದರೆ ಓಡುವುದಕ್ಕೂ ಆಗುವುದಿಲ್ಲ, ಹೊಡೆಯುವುದಕ್ಕೂ ಆಗುವುದಿಲ್ಲ, ಅದೂ ಒಪ್ಪತಕ್ಕದ್ದೇ. ಆದರೆ ದಾರಿಯಲ್ಲಿ ಸಿಗುವ ವ್ಯಾಪಾರಿ ಮಾತ್ರ ಶುದ್ಧ ದಡ್ಡ. ಊರ ಬಾಗಿಲಲ್ಲಿ ಮದ್ದಿಗೆ ಹೇಳಿದ ರೇಟನ್ನೇ ನಡುಬಯಲಲ್ಲೂ ಹೇಳುತ್ತಾನೆ, ಇಳಿಸುವುದೂ ಇಲ್ಲ, ಏರಿಸುವುದೂ ಇಲ್ಲ. ಸಾಯುತ್ತಿರುವ ಗಿರಾಕಿ ಎದುರಿಗೆ ನಿಂತಾಗ ಚೌಕಾಸಿ ಮಾಡದವನು ಎಂಥ ವ್ಯಾಪಾರಿ ಎಂದು ನಾನು ರೇಗಿದರೆ ಗೆಳೆಯ ಅರ್ಧ ಬಾಯಲ್ಲಿ ನಗುತ್ತಿದ್ದ. ಅದೇ, ಅದೇ, ಎನ್ನುತ್ತಿದ್ದ.

ಮಳೆಗಾಲ ಮುಗಿದ ಮೇಲೆ ತೀರ್ಥಹಳ್ಳಿಯಲ್ಲಿ ಅವರ ತಾಳಮದ್ದಲೆ ಸಂಘದ ದೊಡ್ಡ ಕೂಟ ನಡೆಯುವುದಿತ್ತು. ಅದರಲ್ಲಿ ಅವನ ಜಾಗವನ್ನು ಯಾರಿಗೂ ಕೊಡದೆ ಇಟ್ಟಿದ್ದರು. ಮನೆಯಲ್ಲಿ ಬೇರೆ ವಿಷಯವೇ ಇರಲಿಲ್ಲ: ಅಷ್ಟರೊಳಗೆ ಮಾತು ಬರುತ್ತದೋ ಇಲ್ಲವೋ. ಒಂದು ಭಾನುವಾರ ನಾನಿದ್ದಾಗಲೇ ಹೊಸನಗರದಿಂದ ಸಂಘದ ಭಾಗವತರು ನೋಡಿ ಹೋಗಲು ಬಂದರು. ಏನು ಮಾತಾಡಬೇಕೆಂದು ತೋಚದೆ, ಅವನು ನೂರಾರು ಸಲ ಎದುರಿಗೆ ಕೂತು ಕೇಳಿದ ಒಂದು ಪದ್ಯವನ್ನು ಮೆಲ್ಲಗೆ ಎತ್ತಿಕೊಂಡರು. ಎರಡನೆಯ ಸಾಲಿಗೆ ಗೆಳೆಯ ಸೇರಿಕೊಂಡ. ಒಂದಕ್ಷರ ತಪ್ಪದೆ, ತಾಳ ಜಾರದೆ, ಕೊನೆಯವರೆಗೆ ಹಾಡಿದ. ಅತ್ತಿಗೆ ಕಂಬ ಹಿಡಿದುಕೊಂಡು ಅತ್ತರು. ಭಾಗವತರು ಶಲ್ಯದಿಂದ ಕಣ್ಣೊರೆಸಿಕೊಂಡರು.

"ಇನ್ನೆಂತ ಬೇಕು? ಪದ್ಯ ಬಂತು ಅಂದ್ಮೇಲೆ ಮಾತು ಎಲ್ಲಿಗೆ ಹೋಗ್ತದೆ? ಜಾಗ ನಿಂದೇ."

ಹಾಡು ಬರುವುದಕ್ಕೂ ಮಾತು ಬರುವುದಕ್ಕೂ ಸಂಬಂಧವಿಲ್ಲ, ತಲೆಯೊಳಗೆ ಅವೆರಡರ ಜಾಗವೇ ಬೇರೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಪದ್ಯದ ಹಿಂದೆ ಅರ್ಥ ಬಂದೇ ಬರುತ್ತದೆ ಎಂದು ಆಯುಷ್ಯವಿಡೀ ನಂಬಿದವರಿಗೆ ಅದನ್ನು ಒಪ್ಪಿಸುವುದು ಹೇಗೆ? ಗೇಟಿನವರೆಗೆ ಹೋಗಿ ಭಾಗವತರ ಹತ್ತಿರ ಚೌಕಾಸಿಗೆ ಇಳಿದೆ. ಎರಡೇ ಮಾತಿರುವ ಸಣ್ಣ ಪಾತ್ರ ಕೊಡಿ, ಇಲ್ಲವಾದರೆ ನಿಮ್ಮ ಪಕ್ಕ ಕೂತು ಹಾಡಲಿ ಎಂದೆ. ಅಂಥ ಅರ್ಥಧಾರಿಯನ್ನು ನನ್ನ ಹಿಂದೆ ದನಿಗೂಡಿಸಲು ಕೂರಿಸಲೇ ಎಂದು ಅವರು ನೊಂದುಕೊಂಡು ಬಸ್ಸು ಹತ್ತಿದರು. ಗೆಳೆಯನಿಗೆ ಇದನ್ನು ಹೇಳಿದಾಗ ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಮಾರಾಟಕ್ಕೇ ಇಡದ ವಸ್ತುವಿಗೆ ರೇಟು ಕೇಳಿದ ಹಾಗಾಗಿತ್ತು.

ಕೆಲವು ವಾರಗಳ ಮೇಲೆ ಆಟದ ಕೊನೆಗೆ ಬಂದೆವು. ಉಪ್ಪಿನ ಬಯಲಿನ ತುದಿಯಲ್ಲಿ ರಾಜ ಎದ್ದು ನಿಂತ. ಚಿತ್ರ ಬಹಳ ಚೆನ್ನಾಗಿತ್ತು, ಕಿರೀಟದ ಮೇಲೆಲ್ಲ ಉಪ್ಪು ಹರಳುಗಟ್ಟಿತ್ತು. ಒಮ್ಮೆ ಗರ್ಜಿಸಿ ಮೇಲೆ ಬಿದ್ದ. ಗೆಳೆಯ ಗುರಾಣಿ ಎತ್ತಿದ. ಎತ್ತಿಕೊಂಡೇ ನಿಂತ. ರಾಜ ಹೊಡೆದ, ಹಿಂದೆ ಸರಿದ, ಮತ್ತೆ ಹೊಡೆದ. ಇವನು ಕತ್ತಿ ಬೀಸಲೇ ಇಲ್ಲ. ದಮ್ಮು ಮುಗಿದು ಹೆಂಗಸು ಬಿದ್ದಳು. ಮತ್ತೆ ಶುರು ಮಾಡಿದ, ಮತ್ತೆ ಗುರಾಣಿ ಎತ್ತಿ ನಿಂತ. ಬಲಗೈ ಮತ್ತೆ ಕೈಕೊಟ್ಟಿತೇನೋ ಎಂದು ನನಗೆ ಭಯವಾಯಿತು.

"ಹೊಡಿಯಾ ಮಾರಾಯ. ಎಂತ ಕಾಯ್ತಾ ಕೂತಿದೀಯ? ಅವನೇನು ನಿನ್ನ ನೆಂಟನಾ?"

ಅವನು ಗದ್ದ ಎತ್ತಿ ಪರದೆ ತೋರಿಸಿದ. ಬಲಗೈ ಬೆರಳನ್ನು ಕಷ್ಟಪಟ್ಟು ತನ್ನ ತುಟಿಗೆ ಮುಟ್ಟಿಸಿ ರಾಜನ ಬಾಯಿಯ ಕಡೆ ನೀಡಿದ. ಅದೇ, ಅದೇ, ಅದೇ. ಆಗ ನನಗೆ ಹೊಳೆಯಿತು. ಅವನು ರಾಜ ಮಾತಾಡಲೆಂದು ಕಾಯುತ್ತಿದ್ದ. ಸಮುದ್ರ ಯಾಕೆ ಬತ್ತಿಸಿದೆ ಎಂದು ರಾಜ ಒಂದು ಮಾತು ಹೇಳಬೇಕು, ಆಮೇಲೆ ಯುದ್ಧ. ಆಟ ಮಾಡಿದವನು ರಾಜನಿಗೆ ಕೂಗಲು ಬಾಯಿ ಕೊಟ್ಟಿದ್ದ, ಮಾತಾಡಲು ಕೊಟ್ಟಿರಲಿಲ್ಲ. ಅವನು ಕಾಲು ಅಡ್ಡ ಇಟ್ಟು ನಿಂತ ಜಾಗ ಇದೇ.

ಸಾಗರಕ್ಕೆ ಬಂದವನು ಆಟ ಮಾರುವ ಪುಟದಲ್ಲಿ ವಿಮರ್ಶೆ ಬರೆದೆ. ಕನ್ನಡದಲ್ಲಿ ಬರೆದು ಮೊಬೈಲಿನಲ್ಲೇ ಇಂಗ್ಲಿಷಿಗೆ ತಿರುಗಿಸಿ ಹಾಕಿದೆ. ಕತ್ತಿಯನ್ನು ಹೊಗಳಿದೆ, ವ್ಯಾಪಾರಿಯನ್ನು ಬೈದೆ. ಕೊನೆಗೆ ಹೀಗೆ ಬರೆದೆ: 'ನಮ್ಮ ಕಡೆ ಸೋಲುವವನ ಮಾತು ಕೇಳದೆ ಅವನನ್ನು ಕೊಲ್ಲುವುದಿಲ್ಲ. ನಿಮ್ಮ ರಾಜ ಕೆಟ್ಟವನು ಎಂದು ನೀವೊಬ್ಬರೇ ಹೇಳುತ್ತಿದ್ದೀರಿ. ಅವನ ಪಕ್ಷವನ್ನು ಅವನ ಬಾಯಲ್ಲಿ ಹೇಳಿಸಿ. ಇದು ನನ್ನ ಮಾತಲ್ಲ, ಈ ಕೆಲಸದಲ್ಲಿ ಪಳಗಿದ ನನ್ನ ಗೆಳೆಯನದು.'

ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ, ಬಂತು. ಮಾಡಿದ ಮನುಷ್ಯನೇ ಬರೆದಿದ್ದ. ಟೀಕೆ ಸರಿ, ರಾಜನಿಗೆ ಮಾತು ಬರೆಯಲು ಹಲವು ಸಲ ಕೂತು ಸೋತು ಬಿಟ್ಟುಬಿಟ್ಟೆ, ಹೊಸ ಆವೃತ್ತಿ ಮಾಡುತ್ತಿದ್ದೇನೆ, ನಿಮ್ಮ ಗೆಳೆಯರಾದರೆ ರಾಜನ ಪರವಾಗಿ ಏನು ಹೇಳುತ್ತಾರೆ ಎಂದು ಕೇಳಿದ್ದ.

ಒಳ್ಳೆಯ ಡೀಲ್ ಕುದುರಿಸಿದವನಂತೆ ಓಡಿದೆ. ಅಷ್ಟು ದೂರದಿಂದ ಒಬ್ಬ ಕೇಳಿದ್ದಾನೆ ಎಂದರೆ ಗೆಳೆಯನ ನಾಲಿಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂಬ ಆಸೆ. ಪತ್ರ ಓದಿ ಹೇಳಿದಾಗ ಅವನ ಬೆನ್ನು ನೆಟ್ಟಗಾಯಿತು. ಕೂಟದಲ್ಲಿ ಕೂರುವ ಹಾಗೆ ಚಕ್ಕಳಮಕ್ಕಳ ಹಾಕಿ ಕೂತ. ಎಡಗೈಯಿಂದ ಅಂಗಿ ಸರಿಮಾಡಿಕೊಂಡ. ಪರದೆಯ ಮೇಲೆ ರಾಜ ನಿಂತಿದ್ದ. ಗೆಳೆಯ ಉಸಿರೆಳೆದು ಬಾಯಿ ತೆರೆದ.

ಹುಬ್ಬು ಏರಿತು, ಕೈ ಎದ್ದಿತು, ಎದುರಾಳಿಯನ್ನು ಪ್ರಶ್ನೆ ಕೇಳುವಾಗ ಅವನ ಕುತ್ತಿಗೆ ವಾಲುವ ರೀತಿ ಇತ್ತಲ್ಲ, ಅದೂ ಬಂತು. ವಾದ ಪೂರ್ತಿ ಅವನ ಒಳಗಿತ್ತು, ನನಗೆ ಅನುಮಾನವೇ ಇಲ್ಲ. ಹೊರಗೆ ಬಂದದ್ದು ಮಾತ್ರ "ಅದೇ." ಮತ್ತೆ ಉಸಿರೆಳೆದ. "ಅದೇ." ಹಾಡಿನಲ್ಲಾದರೂ ತರುವ ಎಂದು ರಾಗ ಎತ್ತಿದ, ಬಾಯಿಗೆ ಬಂದದ್ದು ಹಳೆಯ ಪದ್ಯ, ಇನ್ಯಾರದೋ ಕಥೆಯದ್ದು. ಅರ್ಧಕ್ಕೇ ನಿಲ್ಲಿಸಿದ. ಬೆವರಿದ್ದ. ಅವಸರ ಇಲ್ಲ, ಮುಂದಿನ ವಾರ ನೋಡುವ, ಅವನಿಗೆ ಕಾಯಲು ಬರೆಯುತ್ತೇನೆ ಎಂದು ನಾನು ಗಡುವು ಎಳೆಯಲು ಹೊರಟೆ. ಅವನು ಕೇಳಿಸಿಕೊಳ್ಳಲಿಲ್ಲ. ನನ್ನ ಜೇಬಿನಿಂದ ಮೊಬೈಲು ತೆಗೆದು ನನ್ನ ಕೈಗಿಟ್ಟ. ತಾಳ ತಟ್ಟುವ ಹಾಗೆ ಎರಡು ಬೆರಳು ತಟ್ಟಿ ತೋರಿಸಿದ. ಭಾಗವತರು.

ತಾನು ಕೂತ ಜಾಗ ತೋರಿಸಿ ಎಡಗೈಯನ್ನು ಅಡ್ಡ ಆಡಿಸಿದ. ಫೋನು ಮಾಡಿ, ಜಾಗ ಬೇರೆಯವರಿಗೆ ಕೊಡಿ ಎನ್ನುತ್ತಿದ್ದಾನೆ ಎಂದೆ. ಅವರು ನಂಬಲಿಲ್ಲ. ಅವತ್ತು ಗೇಟಿನ ಹತ್ತಿರ ನಾನು ಮಾಡಿದ ಚೌಕಾಸಿ ಅವರ ಮನಸ್ಸಿನಲ್ಲಿತ್ತು.

"ಇದು ನಿಮ್ಮ ವ್ಯಾಪಾರನೋ, ಅವನ ಮಾತೋ? ಅವನ ಕೈಗೆ ಕೊಡಿ."

ಕೊಟ್ಟೆ. ಅವನು ಎಡಗಿವಿಗೆ ಒತ್ತಿ ಹಿಡಿದುಕೊಂಡ. ಆ ಕಡೆಯಿಂದ ಭಾಗವತರು ಹೆಸರು ಹಿಡಿದು ಕರೆದದ್ದು, ನಿನಗೆ ಜಾಗ ಬೇಡವಾ ಎಂದು ಕೇಳಿದ್ದು ನನಗೂ ಕೇಳಿಸಿತು. ಅವನ ತುಟಿ ಹಲವು ಸಲ ಕೂಡಿ ಬಿಟ್ಟಿತು. ಆಮೇಲೆ, ಚೂರೂ ತೊದಲದೆ, ಕೂಟದಲ್ಲಿ ಕೊನೆಯ ಸಾಲಿಗೂ ಮುಟ್ಟುತ್ತಿದ್ದ ದನಿಯಲ್ಲಿ ಹೇಳಿದ.

"ಬೇಡ."

ಭಾಗವತರು ಇನ್ನೊಮ್ಮೆ ಕೇಳಲಿಲ್ಲ. ಆಯ್ತಪ್ಪ ಎಂದು ಫೋನು ಇಟ್ಟರು.

ಅಡುಗೆಮನೆಯಿಂದ ಅತ್ತಿಗೆ ಓಡಿ ಬಂದರು. ಕೈಯಲ್ಲಿ ಹಿಟ್ಟು ಹಾಗೇ ಇತ್ತು, ಮುಖ ಅರಳಿತ್ತು. ಅವನು ಕಂಪ್ಯೂಟರಿನ ಕಡೆ ತಿರುಗಿ ಕೂತಿದ್ದರಿಂದ ನನ್ನನ್ನೇ ಕೇಳಿದರು.

"ಈಗ ಮಾತಾಡಿದ್ದು ಇವ್ರಲ್ವಾ ಅಣ್ಣ? ಎಂತ ಅಂದ್ರು?"