ಲಾಯದಲ್ಲಿ ನಾಮಕರಣ

ಈ ಪರದೇಶದಲ್ಲಿ, ಪ್ಲೇನ್‌ಫೀಲ್ಡ್ ಊರಿನ ಆಚೆ, ಯಾರೋ ಸಿರಿವಂತನ ಬಂಗಲೆಯ ಹಳೆಯ ಕುದುರೆ ಲಾಯ ಈಗ ಪಾರ್ಟಿ ಹಾಲ್. ಮೊನ್ನೆ ಗೆಳತಿಯ ಮೊಮ್ಮಗನ ನಾಮಕರಣ ಅಲ್ಲೇ ಆಯಿತು. ಕಮಾನಿನ ಬಾಗಿಲು, ಮೇಲೆ ಹುಲ್ಲು ಒಟ್ಟುತ್ತಿದ್ದ ಅಟ್ಟ, ಕುದುರೆ ಕಟ್ಟುತ್ತಿದ್ದ ಕಡೆಯೆಲ್ಲ ಸೋಫಾ. ಇಟ್ಟಿಗೆ ನೆಲದ ನಡುವೆ ಉದ್ದಕ್ಕೂ ಒಂದು ಸಣ್ಣ ಕಾಲುವೆ.

"ಮಳೆನೀರಿಗೆ ಮಾಡಿರೋ ಡಿಸೈನ್ ಅಂತೆ ಕಣೇ, ಎಷ್ಟು ಕ್ಲಾಸಿಯಾಗಿದೆ ಅಲ್ವಾ!" ಎಂದು ಗೆಳತಿ ಅದರ ಮೇಲೆಯೇ ಸಿಹಿತಿಂಡಿಯ ಟೇಬಲ್ ಹಾಕಿಸಿದ್ದಳು. ಸೂರಿನ ಒಳಗೆ ಅದೆಂಥ ಮಳೆಯೋ!

ಊಟಕ್ಕೆ ಹುರುಳಿ ಸಾರು ಬಂತು. ಅದರ ವಾಸನೆಗೆ ತಾತ ನೆನಪಾದರು.

ಮೈಸೂರಿನಲ್ಲಿ ಅವರು ಜಟಕಾ ಓಡಿಸುತ್ತಿದ್ದರು. ಬೆಳಗಾಗುತ್ತಲೇ ಹುರುಳಿ ಬೇಯಿಸಿದರೆ, ಕಾಳು ಕುದುರೆಗೆ, ಬಸಿದ ಕಟ್ಟು ನಮ್ಮ ಸಾರಿಗೆ. ಮನೆಯ ಹಿಂದಿನ ಲಾಯಕ್ಕೂ ಅವರೇ ಇಂಥದೊಂದು ಕಾಲುವೆ ತೆಗೆದಿದ್ದರು. "ಗಂಜಲ ನಿಂತ್ರೆ ಗೊರಸು ಕೊಳೀತದೆ ಮಗಾ," ಎನ್ನುತ್ತ ದಿನವೂ ನೀರು ಸುರಿದು ಉಜ್ಜುತ್ತಿದ್ದರು. ನಾನು ಮೂಗು ಮುಚ್ಚಿಕೊಂಡು ಓಡುತ್ತಿದ್ದೆ. ಶಾಲೆಯಲ್ಲಿ, ನಮ್ಮ ತಾತ ಅರಮನೆಯಲ್ಲಿ ಗುಮಾಸ್ತರು ಎಂದು ಹೇಳಿಕೊಂಡಿದ್ದೆ.

ಗೆಳತಿಯ ಜಂಬ ಸಹಿಸಲಾಗದೆ, ಆ ಕಾಲುವೆ ಕುದುರೆ ಗಂಜಲಕ್ಕೆ ಮಾಡಿದ್ದು ಎಂದು ಹೇಳಿಯೇಬಿಟ್ಟೆ.

ಅವಳು ಕೈಯಲ್ಲಿದ್ದ ಚಿರೋಟಿ ಕೆಳಗಿಟ್ಟಳು. "ಛೀ! ಇದೆಲ್ಲ ನಿಂಗೆ ಹೇಗೆ ಗೊತ್ತೇ?"

"ಎಲ್ಲೋ ಓದಿದ್ದೆ," ಎಂದೆ.