ಕರಡಿಗೆ ಮಣ್ಣು ಮಾಡಿದಾಕೆ

ಆಕೆಯ ಎಡ ಮೊಣಕೈ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಸಣ್ಣವಳಿದ್ದಾಗ ಹುಣಸೆ ಮರದಿಂದ ಬಿದ್ದು ಮುರಿದುಕೊಂಡದ್ದು, ಎಲುಬು ಸೊಟ್ಟಗೇ ಕೂಡಿಕೊಂಡಿತ್ತು. ಆ ಕೈಯಲ್ಲಿ ಏನು ಹಿಡಿದರೂ ಕೂಸನ್ನು ಎತ್ತಿಕೊಂಡ ಹಾಗೆ ಕಾಣುತ್ತಿತ್ತು. ಒಮ್ಮೆ ಮೆಟ್ರೋದಲ್ಲಿ ಸೆರಗಿನ ಮರೆಗೆ ಸೋರೆಕಾಯಿ ಹಿಡಿದು ನಿಂತಿದ್ದಾಗ, ಕೂಸಿದೆ ಎಂದು ತಿಳಿದು ಕಾಲೇಜಿನ ಹುಡುಗಿಯೊಬ್ಬಳು ಎದ್ದು ಜಾಗ ಬಿಟ್ಟಳಂತೆ. ಈಕೆ ಕುಳಿತು, ಮಿಯಾಪುರ ಬರುವ ತನಕ ಸೋರೆಕಾಯಿಯನ್ನು ತಟ್ಟುತ್ತಾ ಬಂದಳಂತೆ.

‘ಮತ್ತ ಏನ್ ಮಾಡ್ಲಿ ವದಿನಾ? ಪಾಪ, ಎದ್ದು ಜಾಗ ಕೊಟ್ಟಾಳ. ಕೂಸು ಮಲಗೇದ ಅಂತ ತೋರಸಬ್ಯಾಡೇನು?’ ಅಂದಳು ನನಗೆ.

ವದಿನಾ ಅಂದರೆ ತೆಲುಗಿನಲ್ಲಿ ಅತ್ತಿಗೆ. ನಮ್ಮ ಎದುರು ಮನೆಯಾಕೆ ನನ್ನನ್ನು ಹಾಗೇ ಕರೆಯುತ್ತಿದ್ದಳು. ನಾರಾಯಣಪೇಟೆ ಕಡೆಯವಳು, ಅಲ್ಲಿ ಕನ್ನಡ ತೆಲುಗು ಎರಡೂ ಬೆರೆತೇ ಹುಟ್ಟುತ್ತವೆ. ನಾನು ಕಲಬುರಗಿ ಕಡೆಯವಳು, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಮಗ ಬಾಲಾನಗರದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ, ಸೊಸೆ ಆಫೀಸಿಗೆ ಹೋಗುತ್ತಾಳೆ. ಅವರ ಮಗಳನ್ನು ನೋಡಿಕೊಳ್ಳಲೆಂದು ನಾನೂ ನನ್ನ ಯಜಮಾನರೂ ತೆಲುಗು ಸೀಮೆಯ ಈ ದೊಡ್ಡ ಊರಿಗೆ ಬಂದೆವು. ಮೊಮ್ಮಗಳಿಗೆ ಆಗ ನಾಲ್ಕು ವರ್ಷ.

ಎದುರು ಮನೆಯಾಕೆ ದೇವತೆಯೇನಲ್ಲ. ನಶ್ಯ ಏರಿಸುತ್ತಿದ್ದಳು. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದಳು, ಸಿಕ್ಕಿಬಿದ್ದರೆ ನಗುತ್ತಿದ್ದಳು. ಯಾರ ಮನೆಯಲ್ಲಿ ಜಗಳವಾದರೂ ಬಾಗಿಲ ಸಂದಿಯಲ್ಲಿ ಆಕೆಯ ಮೂಗು ಇರುತ್ತಿತ್ತು. ಆದರೆ ಮಕ್ಕಳ ಜೊತೆ ಆಡಲು ಕುಳಿತರೆ ನಿಜವಾಗಿ ಆಡುತ್ತಿದ್ದಳು. ನನ್ನ ಇಡೀ ಬದುಕಿನಲ್ಲಿ ಹಾಗೆ ಆಡುವ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ.

ಮೊಮ್ಮಗಳು ಖಾಲಿ ಕಪ್ಪು ತಂದುಕೊಟ್ಟರೆ ನಾವೆಲ್ಲ ಸುರ್ ಅಂದು ‘ಭಾಳ ಛಲೋ ಆಗೇದ’ ಅಂತ ಕೆಳಗಿಡುತ್ತಿದ್ದೆವು. ಈಕೆ ಮೊದಲು ಊದುವಳು. ಒಂದು ಗುಟುಕು ಕುಡಿದು ಮುಖ ಕಿವುಚುವಳು. ‘ಏಯ್, ಸಕ್ಕರಿ ಎಲ್ಲ್ಯದ? ನಿನ್ನ ಹೋಟೆಲಿಗಿ ನಾ ನಾಳಿ ಬರಲ್ಲ ನೋಡು.’ ಮೊಮ್ಮಗಳು ಓಡಿಹೋಗಿ ಇಲ್ಲದ ಡಬ್ಬಿಯಿಂದ ಇಲ್ಲದ ಸಕ್ಕರೆ ತಂದು ಹಾಕಬೇಕು. ‘ಇನ್ನೊಂದು ಚಮಚ ಹಾಕು. ಮನ್ಯಾಗಂತೂ ನನ್ನ ಕೊಡಲು ಹಾಕಲ್ಲ’ ಅನ್ನುವಳು. ಆಕೆಗೆ ಶುಗರ್ ಇತ್ತು. ಕೊಡಲು ಅಂದರೆ ತೆಲುಗಿನಲ್ಲಿ ಸೊಸೆ.

ತರಕಾರಿ ಅಂಗಡಿ ಆಟವಾದರೆ ಕೇಳುವುದೇ ಬೇಡ. ಪ್ಲಾಸ್ಟಿಕ್ಕಿನ ಟೊಮಾಟೊ ಹಿಚುಕಿ ನೋಡಿ, ‘ನಿನ್ನೆ ಕೊಟ್ಟದ್ದು ಕೊಳತಿತ್ತು, ವಾಪಸ್ ತಗೋ’ ಅಂತ ಜಗಳ ತೆಗೆಯುವಳು. ನಾಲ್ಕು ವರ್ಷದ ಪೋರಿ ಸೊಂಟದ ಮೇಲೆ ಕೈಯಿಟ್ಟು, ‘ತಗೊಳ್ಳಲ್ಲ! ನೀನೇ ಬಿಸಲಾಗ ಇಟ್ಟಿದ್ದಿ!’ ಅಂತ ಕೂಗುವಳು. ಅವರಿಬ್ಬರ ಜಗಳಕ್ಕೆ ಕೆಳಗಿನ ಮನೆಯವರು ಒಮ್ಮೆ ಮೇಲೆ ಬಂದು ಏನಾಯಿತೆಂದು ಕೇಳಿದ್ದರು.

ಅವಳ ಅಪ್ಪ ಅಮ್ಮ ಅವಳ ಜೊತೆ ಹೇಗೆ ಆಡುತ್ತಿದ್ದರೆಂದು ಹೇಳುತ್ತೇನೆ. ಮಗು ಕ್ಯಾರೆಟ್ ಹೆಚ್ಚಲು ಕುಳಿತರೆ ಅಮ್ಮ ಫೋನ್ ಹಿಡಿದು ಎದುರಿಗೆ ಬರುವಳು. ಇದು ಯಾವ ಬಣ್ಣ, ಇಂಗ್ಲಿಷಿನಲ್ಲಿ ಹೇಳು, ಇನ್ನೊಮ್ಮೆ ಹೆಚ್ಚು, ಈ ಕಡೆ ನೋಡು. ಮಗುವಿನ ಅಡುಗೆ ಅಲ್ಲೇ ಹಳಸಿಹೋಗುತ್ತಿತ್ತು. ಸೊಸೆಯ ಫೋನಿನಲ್ಲಿ ತಾಯಂದಿರದೊಂದು ಗುಂಪಿದೆ. ಯಾವ ಆಟಿಕೆ ತಂದ ಮೇಲೆ ಯಾರ ಮಗು ಎಷ್ಟು ಜಾಣ ಆಯಿತು ಎಂದು ಅಲ್ಲಿ ಬರೆದುಕೊಳ್ಳುತ್ತಾರೆ. ಅದನ್ನು ಓದಿ ಇವಳೂ ತರಿಸುವಳು. ಯಾವ ಮಗು ಆಡುತ್ತಾ ಏನು ಅಂದಿತು ಎಂದು ಅಲ್ಲಿ ಯಾರೂ ಬರೆಯುವುದಿಲ್ಲ. ಆಡುವಾಗ ಅವರು ಕಿವಿ ಕೊಟ್ಟಿದ್ದರೆ ತಾನೇ?

ನನ್ನ ಯಜಮಾನರು ಆ ವರ್ಷ ತೀರಿಕೊಂಡರು. ಆಸ್ಪತ್ರೆಯಿಂದ ತಂದು, ನೆಂಟರು ನೋಡಲೆಂದು ಅಪಾರ್ಟ್‌ಮೆಂಟಿನ ಮುಂದಿನ ಅಂಗಳದಲ್ಲಿ ಕೂಡಿಸಿದೆವು. ನಾವು ಲಿಂಗಾಯತರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ, ಮಣ್ಣು ಮಾಡುವುದೂ ಕೂಡಿಸಿಯೇ. ಮೈತೊಳೆದು, ವಿಭೂತಿ ಹಚ್ಚಿ, ರುಮಾಲು ಸುತ್ತಿ ಕುರ್ಚಿಯಲ್ಲಿ ಕೂಡಿಸಿ, ದೇಹ ವಾಲಬಾರದೆಂದು ಮಗನೇ ಎದೆಗೂ ಸೊಂಟಕ್ಕೂ ಶಲ್ಯ ಸುತ್ತಿ ಕುರ್ಚಿಯ ಬೆನ್ನಿಗೆ ಬಿಗಿದು ಕಟ್ಟಿದ. ಮೊಮ್ಮಗಳು ನೋಡಬಾರದೆಂದು ಅವಳನ್ನು ಎದುರು ಮನೆಯಲ್ಲಿ ಬಿಟ್ಟಿದ್ದರು. ಎದುರು ಮನೆಗೆ ಬಾಲ್ಕನಿ ಇದೆ, ಬಾಲ್ಕನಿಯಿಂದ ಅಂಗಳ ಕಾಣುತ್ತದೆ ಎಂಬುದು ಓದಿದವರಿಬ್ಬರ ತಲೆಗೂ ಹೊಳೆಯಲಿಲ್ಲ.

ಊರಿಗೆ ಒಯ್ದು ಮಣ್ಣು ಮಾಡಿ, ಎಲ್ಲ ಮುಗಿಸಿ ಬಂದ ಮೇಲೆ ಎದುರು ಮನೆಯಾಕೆ ನನ್ನ ಸೊಸೆಗೆ ಹೇಳಿದಳು: ‘ಅಮ್ಮಾ, ಪಾಪು ಎಲ್ಲಾ ನೋಡ್ಯಾಳ. ನಾ ಒಳಗ ನೀರು ತರೂದ್ರಾಗ ಬಾಲ್ಕನಿಗಿ ಹೋಗಿ ನಿಂತಿದ್ಳು. ಒಂದ್ ಮಾತು ತಿಳಿಸಿ ಹೇಳ್ರಿ.’

‘ಸಣ್ಣಾಕಿ ಆಂಟಿ, ಆಕೀಗಿ ಏನ್ ತಿಳೀತದ? ಮುತ್ಯಾ ಊರಿಗಿ ಹೋಗ್ಯಾರ ಅಂತ ಹೇಳೀವಿ’ ಅಂದಳು ಸೊಸೆ. ಮಗುವಿಗೆ ತಿಳಿಸಿ ಹೇಳಿ ಎಂದು ನಾನೂ ಹೇಳಿದೆ. ಮಗ, ‘ಅವ್ವಾ, ಈಗಿನ ಮಕ್ಕಳ ವಿಷಯ ನಿನಗ ಗೊತ್ತಾಗಲ್ಲ’ ಅಂದ. ಅವನನ್ನು ಹೆತ್ತು ಸಾಕಿದವಳಿಗೆ ಮಕ್ಕಳ ವಿಷಯ ಗೊತ್ತಾಗುವುದಿಲ್ಲವಂತೆ!

ಅಂದಿನಿಂದ ಹುಡುಗಿ ಊಟಕ್ಕೆ ಕುರ್ಚಿಯ ಮೇಲೆ ಕೂರುವುದನ್ನು ಬಿಟ್ಟಳು. ಎತ್ತಿ ಕೂರಿಸಿದರೆ ಚೀರುವಳು. ನಿಂತು ಎರಡು ತುತ್ತು ತಿಂದರೆ ತಿಂದಳು, ಇಲ್ಲವಾದರೆ ಮೇಜಿನ ಕೆಳಗೆ ಹೊಕ್ಕುಬಿಡುವಳು. ಅಪ್ಪ ಹತ್ತಿರ ಬಂದರೆ ನನ್ನ ಸೀರೆಯ ಹಿಂದೆ. ಮುಖ ಸೊರಗುತ್ತಾ ಬಂತು, ಮಾತು ಕಡಿಮೆಯಾಯಿತು. ಅಪ್ಪ ಅಮ್ಮ ಏನು ಮಾಡಿದರು? ಆಟಿಕೆ ತಂದರು. ದೀಪ ಹತ್ತುವ, ಕುದಿಯುವ ಸದ್ದು ಮಾಡುವ ಅಡುಗೆಮನೆ ಬಂತು. ಡಾಕ್ಟರ್ ಪೆಟ್ಟಿಗೆ ಬಂತು. ಕೀಂ ಅನ್ನುವ ಯಂತ್ರವಿರುವ ಅಂಗಡಿ ಬಂತು. ಒಂದು ಕರಡಿಗೊಂಬೆಯೂ ಬಂತು. ಗುಂಪಿನ ತಾಯಂದಿರು ಹೇಳಿದ್ದೆಲ್ಲ ಬಂದು ಮನೆ ತುಂಬಿತು. ಆ ಮಗುವಿಗೆ ಬೇಕಾಗಿದ್ದದ್ದು ಒಂದೇ ಮಾತು. ಅದನ್ನು ತರುವವರು ಮಾತ್ರ ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಎದುರು ಮನೆಯಾಕೆ ನಮ್ಮಲ್ಲಿಗೆ ಬಂದಳು. ಮೊಮ್ಮಗಳು ಕರಡಿಯನ್ನು ಎಳೆದು ತಂದು ಅವಳ ತೊಡೆಯ ಮೇಲೆ ಹಾಕಿ, ‘ಅಮ್ಮಮ್ಮಾ, ಇವ ಸತ್ತಾನ’ ಅಂದಳು.

ಆಕೆ ಗಾಬರಿಯಾಗಲಿಲ್ಲ. ‘ಅಯ್ಯೋ! ಯಾವಾಗ?’ ಅಂದಳು. ಕರಡಿಯನ್ನು ನೆಲದ ಮೇಲೆ ಉದ್ದಕ್ಕೆ ಮಲಗಿಸಿದಳು, ಅವಳ ಪದ್ಧತಿಯಂತೆ ಕಾಲೆರಡನ್ನೂ ಸೇರಿಸಿ ದಾರ ಕಟ್ಟಿದಳು, ಕುತ್ತಿಗೆಯ ತನಕ ಟವೆಲ್ ಹೊದಿಸಿದಳು. ಮೊಮ್ಮಗಳಿಗೆ ಸಿಟ್ಟು ಬಂತು.

‘ಹಂಗಲ್ಲ! ಕುಂದರಸಬೇಕು!’

ದಾರ ಕಿತ್ತೆಸೆದು, ಕರಡಿಯನ್ನು ತನ್ನ ಸಣ್ಣ ಕುರ್ಚಿಯಲ್ಲಿ ಕೂರಿಸಿದಳು. ದೇವರ ಕೋಣೆಯಿಂದ ವಿಭೂತಿ ತಂದು ಹಣೆಗೆ ಬಳಿದಳು. ಅಮ್ಮನ ಓಢಣಿ ತಂದು ಎದೆಗೆ ಸುತ್ತಿ, ಕುರ್ಚಿಗೆ ಜಗ್ಗಿ ಜಗ್ಗಿ ಕಟ್ಟಿದಳು.

‘ಇಷ್ಟ್ ಬಿಗಿ ಯಾಕ ಕಟ್ತಿ?’ ಅಂತ ಕೇಳಿದಳು ಎದುರು ಮನೆಯಾಕೆ.

‘ಓಡಿ ಹೋಗಬಾರದು ಅಂತ. ಅಪ್ಪ ಮುತ್ಯಾಗ ಹಿಂಗೇ ಕಟ್ಟಿದ. ಮುತ್ಯಾ ಮಾತು ಕೇಳಲಿಲ್ಲ. ಆಮ್ಯಾಲ ಎಲ್ಲಾರೂ ಎತ್ಕೊಂಡು ಹೋದ್ರು.’

ಆಗ ನನಗೆ ತಿಳಿಯಿತು. ಆ ಕೂಸು ಇಷ್ಟು ದಿನ, ತನ್ನಪ್ಪ ಮುತ್ಯಾನನ್ನು ಕುರ್ಚಿಗೆ ಕಟ್ಟಿ ಎಲ್ಲಿಗೋ ಸಾಗಹಾಕಿದ ಎಂದು ತಿಳಿದು ಅಂಜಿಕೊಂಡು ಬದುಕಿತ್ತು. ಊಟದ ಕುರ್ಚಿಯಲ್ಲಿ ಕೂತರೆ ತನ್ನನ್ನೂ ಕಟ್ಟುತ್ತಾನೆ ಎಂದು.

ನಾನಾಗಿದ್ದರೆ ಅಲ್ಲೇ ಬಾಯಿ ಬಡಿದುಕೊಂಡು ಆಟ ಕೆಡಿಸುತ್ತಿದ್ದೆ. ಆಕೆ ಕೆಡಿಸಲಿಲ್ಲ. ಕರಡಿಯ ಮೂಗಿನ ಕೆಳಗೆ ಬೆರಳು ಹಿಡಿದಳು. ಎದೆಗೆ ಕಿವಿ ಇಟ್ಟಳು. ‘ಉಸಿರಿಲ್ಲ ಪಾಪ. ಇವ ಓಡಿ ಹೋಗಲ್ಲ, ಸತ್ತಾನ. ಸತ್ತವರಿಗಿ ತಾವಾಗೇ ಕೂಡಲಿಕ್ಕ ಬರಲ್ಲ, ಬೀಳ್ತಾರ. ಅದಕ್ಕ ನಿಮ್ಮ ಮಂದಿ ಕಟ್ತಾರ. ಸಿಟ್ಟಿಗಲ್ಲ.’

‘ನೋವಾಗಲ್ಲೇನು?’

‘ಚಿವುಟಿ ನೋಡು.’

ಹುಡುಗಿ ಕರಡಿಯನ್ನು ಚಿವುಟಿದಳು. ಕಾದಳು. ಇನ್ನೊಮ್ಮೆ ಚಿವುಟಿದಳು. ಆಮೇಲೆ ನನ್ನ ಕಡೆ ತಿರುಗಿ, ‘ಆಯಿ, ನೀ ಅಳಬೇಕು’ ಅಂದಳು.

‘ನನಗ ಸುಮ್‌ಸುಮ್ಮನ ಅಳು ಬರಲ್ಲ’ ಅಂದೆ.

‘ಆಟ ಕೆಡಸಬ್ಯಾಡ್ರಿ ವದಿನಾ. ಹೆಣಾ ಕುಂತದ, ಬಾಯಿ ತೆಗೀರಿ’ ಅಂತ ಗದರಿದಳು ಎದುರು ಮನೆಯಾಕೆ. ನಾನು ಆ ಅಂದೆ, ಊ ಅಂದೆ. ಸಾಲದು, ಜೋರಾಗಿ ಅಂತ ಹುಡುಗಿಯ ಹುಕುಂ ಬಂತು. ಜೋರಾಗಿ ಶುರು ಮಾಡಿದವಳಿಗೆ ನಿಲ್ಲಿಸಲು ಆಗಲಿಲ್ಲ. ಯಜಮಾನರು ಹೋದಾಗಲೂ ನಾನು ಹಾಗೆ ಅತ್ತಿರಲಿಲ್ಲ. ಇನ್ನು ಬಾಲ್ಕನಿಯ ಕುಂಡದಲ್ಲಿ ಕುಣಿ ತೋಡಿ ಮಣ್ಣು ಮಾಡುವುದೊಂದು ಉಳಿದಿತ್ತು. ಅಷ್ಟರಲ್ಲಿ ಸೊಸೆ ತಲೆನೋವೆಂದು ಆಫೀಸಿನಿಂದ ಬೇಗ ಬಂದಳು.

ಒಳಗೆ ಬಂದವಳು ವಿಭೂತಿ ಬಳಿದ ಕರಡಿಯನ್ನು, ಅಳುತ್ತಿದ್ದ ನನ್ನನ್ನು ನೋಡಿದಳು. ಏನು, ಯಾಕೆ ಎಂದು ಕೇಳಲಿಲ್ಲ. ಓಢಣಿ ಹರಿಯುವ ಹಾಗೆ ಜಗ್ಗಿ ಕರಡಿಯನ್ನು ಕಿತ್ತುಕೊಂಡು ಬಟ್ಟೆ ಒಗೆಯುವ ಮಷೀನಿಗೆ ಹಾಕಿ ಗುಂಡಿ ಒತ್ತಿದಳು.

‘ಆಂಟಿ, ಇಂಥ ಅಪಶಕುನ ನಿಮ್ಮ ಮನ್ಯಾಗ ಮಾಡ್ಕೋರಿ! ಸಣ್ಣ ಕೂಸಿನ ತಲ್ಯಾಗ ಇವೆಲ್ಲ ತುಂಬೂದಾ? ಇನ್ನ ಈ ಕಡಿ ಬರಬ್ಯಾಡ್ರಿ!’

‘ನಾ ತುಂಬಿಲ್ಲಮ್ಮಾ. ಇದ್ದದ್ದು ಹೊರಗ ಬರ್ತಿತ್ತು’ ಅಂದಳು ಆಕೆ. ಅಷ್ಟೇ ಅಂದು ಚಪ್ಪಲಿ ಮೆಟ್ಟಿ ಹೋದಳು.

ಮೊಮ್ಮಗಳು ಮಷೀನಿನ ಗಾಜಿನ ಬಾಗಿಲ ಮುಂದೆ ಕುಳಿತಿದ್ದಳು. ಒಳಗೆ ಕರಡಿ ನೊರೆಯಲ್ಲಿ ಗಿರಗಿರ ತಿರುಗುತ್ತಿತ್ತು. ಮುತ್ಯಾ, ಮುತ್ಯಾ ಎಂದು ಗಾಜನ್ನು ಬಡಿಯುತ್ತಿದ್ದಳು. ಈಗ ನೆನೆದರೂ ನನಗೆ ಮೈ ಉರಿಯುತ್ತದೆ. ಇಷ್ಟು ಆಟಿಕೆ ತಂದು ಸುರಿದಿರಿ, ಮಗು ಒಂದು ಸಲ, ಒಂದೇ ಸಲ ಮನಸ್ಸಿಟ್ಟು ಆಡಿತು, ಆ ಆಟವನ್ನು ಸೋಪು ಹಾಕಿ ಒಗೆದಿರಿ!

ಸಂಜೆ ಮಗ ಬಂದ. ಹೆಂಡತಿಯ ಮಾತು ಕೇಳಿ ಎದುರು ಮನೆಯಾಕೆಯನ್ನು ಬೈಯಲು ಹೊರಟ. ನಾನು ಬಾಗಿಲಿಗೆ ಅಡ್ಡ ನಿಂತೆ.

‘ಅಲ್ಲಿಗಿ ಹೋಗೂಕಿಂತ ಮುಂಚೆ ನಿನ್ನ ಮಗಳಿಗಿ ಜವಾಬು ಕೊಡು. ನೀ ನಿಮ್ಮಪ್ಪಗ ಕಟ್ಟಿಹಾಕಿ ಎಲ್ಲಿಗೋ ಕಳಿಸೀದಿ ಅಂತ ತಿಳ್ಕೊಂಡಾಳ ಆಕಿ. ಕುರ್ಚಿ ಮ್ಯಾಲ ಕೂತ್ರ ತನಗೂ ಕಟ್ತಿ ಅಂತ ಅಂಜ್ಯಾಳ. ಬಾಲ್ಕನಿಯಿಂದ ನೋಡ್ಯಾಳೋ ಮಾರಾಯಾ!’

ಅವನು ಬಾಗಿಲಿಂದ ಹಿಂದೆ ಸರಿದ. ಮೇಜಿನ ಕೆಳಗಿದ್ದ ಮಗಳ ಪಕ್ಕಕ್ಕೆ ತೆವಳಿಕೊಂಡು ಹೋಗಿ ಕುಳಿತ. ಮುತ್ಯಾ ಸತ್ತಿದ್ದಾನೆ ಎಂದು ಹೇಳಲು ಅವನಿಗೆ ಎಷ್ಟು ಹೊತ್ತು ಹಿಡಿಯಿತೋ. ನಾಲಿಗೆ ತಡವರಿಸಿತು, ನಡುನಡುವೆ ಇಂಗ್ಲಿಷ್ ಬಂತು. ಕೊನೆಗೂ ಹೇಳಿದ. ಹುಡುಗಿ ಕೇಳಿದ್ದು ಒಂದೇ: ‘ನಿನಗ ಸಿಟ್ಟಿತ್ತೇನು?’ ‘ಇಲ್ಲವ್ವಾ’ ಅಂದ. ಮತ್ತೆ ಅವನೇ ಅವಳ ಹೆಗಲ ಮೇಲೆ ತಲೆಯಿಟ್ಟು ಅತ್ತ.

ಮರುದಿನವೇ ಕುರ್ಚಿ ಹತ್ತಿದಳು ಎಂದು ಸುಳ್ಳು ಬರೆಯಲಾರೆ. ನಿಧಾನಕ್ಕೆ ಹತ್ತಿದಳು. ನಿಧಾನಕ್ಕೆ ಉಂಡಳು. ಕರಡಿಯ ಮಣ್ಣನ್ನು ನಾನು ಎದುರು ಮನೆಯ ಬಾಲ್ಕನಿಯಲ್ಲೇ ಮಾಡಿಸಿದೆ, ಸೊಸೆಗೆ ಹೇಳಿಯೇ ಮಾಡಿಸಿದೆ. ಅವಳು ತುಟಿ ಬಿಗಿಹಿಡಿದಳು, ತಡೆಯಲಿಲ್ಲ. ಆದರೆ ಎದುರು ಮನೆಯಾಕೆಗೆ, ‘ನನ್ನ ತಪ್ಪಾಯಿತು, ಬರ್ರಿ’ ಎಂದು ಹೇಳಲಿಲ್ಲ. ಲಿಫ್ಟಿನಲ್ಲಿ ಎದುರಾದರೆ ಫೋನ್ ನೋಡುತ್ತಿದ್ದಳು. ಮುಂದೆ ಎದುರು ಮನೆಯವರು ಮನೆ ಬಿಟ್ಟು ಇದೇ ಊರಿನ ತಾರ್ನಾಕಕ್ಕೆ ಹೋಗುವಾಗಲೂ ಬಾಗಿಲಿಗೆ ಬರಲಿಲ್ಲ. ‘ಹೋಗ್ಲಿ ಬಿಡ್ರಿ ವದಿನಾ, ತಾಯಿ ಅಲ್ಲೇನು, ಅಂಜಿಕಿ ಇರ್ತದ’ ಅಂದಳು ಆಕೆ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ನಾನು ಬಿಡಲಿಲ್ಲ, ಇವತ್ತಿಗೂ ಬಿಟ್ಟಿಲ್ಲ. ನನ್ನ ಮೊಮ್ಮಗಳ ಹೊಟ್ಟೆಗೆ ಅನ್ನ ಇಳಿಸಿದಾಕೆ ಅವಳು. ಆ ಋಣಕ್ಕೆ ನಮ್ಮ ಮನೆಯಿಂದ ಸಿಕ್ಕದ್ದು ಬೈಗುಳ.

ಈ ಚಳಿಗಾಲದಲ್ಲಿ ಒಂದು ಮುಂಜಾನೆ ಆಕೆಯ ಮಗ ಫೋನ್ ಮಾಡಿದ. ನಸುಕಿನಲ್ಲಿ ಎದೆನೋವು ಬಂದು ಹೋಗಿಬಿಟ್ಟಳಂತೆ. ನಾನು ಫೋನ್ ಕೆಳಗಿಟ್ಟೆನೋ ಇಲ್ಲವೋ, ಸೊಸೆ ದನಿ ತಗ್ಗಿಸಿ ಅಂದಳು: ‘ಅತ್ತಿ, ಪಾಪುಗ ಹೇಳೂದು ಬ್ಯಾಡ. ಭಾಳ ಹಚ್ಕೊಂಡಿದ್ಳು. ಊರಿಗಿ ಹೋಗ್ಯಾರ ಅಂತ ಹೇಳೂಣು.’

ಚಿತ್ರಕ್ಕೆ ಬಣ್ಣ ಹಚ್ಚುತ್ತಾ ಕುಳಿತಿದ್ದ ಮೊಮ್ಮಗಳ ಹತ್ತಿರ ಹೋಗಿ, ‘ಎದುರು ಮನಿ ಅಮ್ಮಮ್ಮ ಸತ್ತಾಳ’ ಅಂದೆ.

ಅವಳ ಕೈ ನಿಂತಿತು. ‘ಯಾವಾಗ?’

‘ಇವತ್ತ ನಸಿಕಿನ್ಯಾಗ.’

‘ನೋವಾತೇನು?’

‘ಆಗಿರಬೇಕು. ಈಗಿಲ್ಲ.’

‘ನಾ ನೋಡ್ಲಿಕ್ಕ ಬರ್ಲಾ?’

‘ಬಾ. ಚಪ್ಪಲಿ ಹಾಕ್ಕೋ.’

ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ‘ಅತ್ತಿ...’ ಅಂತ ಬಾಯಿ ತೆರೆದಳು.

‘ನೀನೂ ನಡಿ’ ಅಂದೆ. ‘ಆಕೀಗಿ ಒಂದು ಮಾತು ಹೇಳೂದು ಉಳದದ ನಿನಗ. ಬದುಕಿದ್ದಾಗ ಹೇಳಲಿಲ್ಲ, ಹೊತ್ತುಕೊಂಡು ಹೋಗೂದ್ರಾಗರ ಹೇಳು.’

ಅವಳು ಒಳಗೆ ಹೋಗಿ ಗ್ಯಾಸ್ ಆರಿಸಿದಳು. ಹೊರಗೆ ಬಂದು ಮಗಳ ಮುಂದೆ ಕುಳಿತು, ಅವಳ ಚಪ್ಪಲಿಯ ಪಟ್ಟಿ ಹಾಕತೊಡಗಿದಳು.